36 ಕ್ಲಿಕ್ಕಿನ ಲೆಕ್ಕಾಚಾರ

ಫಿಲಂ ಕ್ಯಾಮೆರಾ ಮತ್ತೆ ಕೈಗೆತ್ತಿಕೊಂಡವರು ಒಂದು ಮಾತು ಹೇಳುತ್ತಾರೆ: ಇದರಲ್ಲಿ ಫೋಟೋ ತೆಗೆದರೆ ನೋಡಿದ್ದು ಚೆನ್ನಾಗಿ ನೆನಪಿರುತ್ತದೆ. ಸುಮ್ನೆ ಹಳೇ ಕಾಲದ ಮೋಹ ಅಂತ ತಳ್ಳಿಹಾಕಬಹುದು. ಆದರೆ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟರೆ ಮಾತಿನಲ್ಲಿ ಹುರುಳಿದೆ ಅನಿಸುತ್ತದೆ.

ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ಮ್ಯೂಸಿಯಂ ಸುತ್ತಿಸಿದರು. ಕೆಲವು ವಸ್ತುಗಳನ್ನು ಬರೀ ನೋಡಬೇಕು, ಕೆಲವುಗಳ ಫೋಟೋ ತೆಗೆಯಬೇಕು. ಮರುದಿನ ವಿಚಾರಿಸಿದರೆ, ಫೋಟೋ ತೆಗೆದವೇ ಕಡಿಮೆ ನೆನಪಿದ್ದವು. 2014ರಲ್ಲಿ ಪ್ರಕಟವಾದ ಈ ಫಲಿತಾಂಶ ಬೇಕಾದಷ್ಟು ಸುದ್ದಿಯಾಯಿತು. ಕ್ಯಾಮೆರಾ ನೋಡಿಕೊಳ್ಳುತ್ತೆ ಬಿಡು ಅಂತ ಮನಸ್ಸು ಕೈತೊಳೆದುಕೊಳ್ಳುತ್ತದೆ ಎಂಬುದು ಒಂದು ವಿವರಣೆ. ಅದೇ ಅಧ್ಯಯನದ ಇನ್ನೊಂದು ಭಾಗ ನನಗೆ ಹೆಚ್ಚು ಮುಖ್ಯ. ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ನೆನಪು ಕುಗ್ಗಲಿಲ್ಲ. ಚೌಕಟ್ಟಿನಿಂದ ಹೊರಗುಳಿದ ಭಾಗವೂ ನೆನಪಿತ್ತು!

ಅಲ್ಲಿ ಯಾವುದರ ಫೋಟೋ ತೆಗೆಯಬೇಕು ಅಂತ ಹೇಳಿದ್ದು ಹೆಂಕೆಲ್. 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಸಂಶೋಧಕಿ ಅಲಿಕ್ಸಾಂಡ್ರಾ ಬರಾಶ್ ಮತ್ತು ಸಂಗಡಿಗರು ಆ ಆಯ್ಕೆಯನ್ನು ನೋಡುಗರಿಗೇ ಬಿಟ್ಟರು. ಈ ಸಲ ಫಲಿತಾಂಶ ತಿರುಗಿತು. ಕ್ಯಾಮೆರಾ ಹಿಡಿದವರಿಗೆ, ಕ್ಯಾಮೆರಾ ಇಲ್ಲದವರಿಗಿಂತ ಕಂಡದ್ದು ಜಾಸ್ತಿ ನೆನಪಿತ್ತು.

ಅಂದರೆ ಕೆಲಸ ಮಾಡುವುದು ಆರಿಸುವಿಕೆ. ಫಿಲಂ ಅದನ್ನು ಕಡ್ಡಾಯ ಮಾಡುತ್ತದೆ. ಒಂದು ರೀಲಿಗೆ ಸಾಮಾನ್ಯವಾಗಿ 36 ಫೋಟೋ. ರೀಲಿಗೂ ದುಡ್ಡು, ತೊಳೆಸುವುದಕ್ಕೂ ದುಡ್ಡು. ಇದು ಬೇಕಾ, ಬೆಳಕು ಸಾಕಾ, ಎರಡು ಹೆಜ್ಜೆ ಮುಂದೆ ಹೋಗಲಾ ಅಂತ ಕೇಳಿಕೊಳ್ಳದೆ ಬೆರಳು ಒತ್ತುವುದಿಲ್ಲ. ಒತ್ತಿದ ಮೇಲೆ ನೋಡಲು ಪರದೆಯೂ ಇಲ್ಲ. ಫಿಲಂ ಮೇಲೆ ಬಳಿದಿರುವ ಬೆಳ್ಳಿ ಬ್ರೋಮೈಡ್ ಹರಳುಗಳಲ್ಲಿ, ಬೆಳಕು ಬಿದ್ದ ಹರಳಿನಲ್ಲಿ ಆಗ ಹುಟ್ಟಿರುವುದು ಬೆಳ್ಳಿಯ ನಾಲ್ಕಾರು ಪರಮಾಣುಗಳ ಒಂದು ಚುಕ್ಕೆ, ಅಷ್ಟೇ. ಸೂಕ್ಷ್ಮದರ್ಶಕದಲ್ಲೂ ಕಾಣದಷ್ಟು ಚಿಕ್ಕದು. ಡೆವಲಪರ್ ದ್ರಾವಣಕ್ಕೆ ಬಿದ್ದಾಗ ಆ ಚುಕ್ಕೆಯಿಂದ ಶುರುವಾಗಿ ಇಡೀ ಹರಳು ಕಪ್ಪು ಬೆಳ್ಳಿಯಾಗುತ್ತದೆ, ಚಿತ್ರ ಮೂಡುತ್ತದೆ. ಅಲ್ಲಿಯವರೆಗೆ ಚೆನ್ನಾಗಿ ಬಂತಾ ಅಂತ ತಲೆ ತಗ್ಗಿಸಿ ನೋಡುವ ಮಾತೇ ಇಲ್ಲ. ಕಣ್ಣು ಎದುರಿನ ದೃಶ್ಯದಲ್ಲೇ ಇರುತ್ತದೆ.

ಹಾಗಂತ ಬೆಳ್ಳಿಗೆ ಮಾಯಾಶಕ್ತಿ ಕಟ್ಟಬೇಕಿಲ್ಲ. 1996ರಲ್ಲಿ ಬಂದ ನಿಕಾನ್ ಎಫ್5 ಕೂಡ ಫಿಲಂ ಕ್ಯಾಮೆರಾವೇ. ಸೆಕೆಂಡಿಗೆ 8 ಫೋಟೋ ತೆಗೆಯುತ್ತಿತ್ತು, 5 ಸೆಕೆಂಡಿಗೆ ಮುಂಚೆಯೇ ರೀಲು ಖಾಲಿ! ಮೇಲಿನ ಪ್ರಯೋಗಗಳೂ ಡಿಜಿಟಲ್ ಕಾಲದವು. ಮನಸ್ಸಿದ್ದರೆ ಮೊಬೈಲಿನಲ್ಲೂ ಆರಿಸಿ ತೆಗೆಯಬಹುದು. ಅನಿಯಮಿತ ಜಾಗ ಇರುವಾಗ ಆ ಮನಸ್ಸು ಬರುವುದು ಕಷ್ಟ, ಅಲ್ವಾ?

ಬರಾಶ್ ಪ್ರಯೋಗದಲ್ಲಿ ಒಂದು ನಷ್ಟವೂ ದಾಖಲಾಗಿದೆ. ಫೋಟೋ ತೆಗೆದವರಿಗೆ ಕಂಡದ್ದು ನೆನಪಿತ್ತು, ಕಿವಿಗೆ ಬಿದ್ದದ್ದರ ನೆನಪು ಕಡಿಮೆಯಾಗಿತ್ತು. ಯಕ್ಷಗಾನಕ್ಕೆ ಹೋಗುವಾಗ ಇದು ಗಮನದಲ್ಲಿರಲಿ. ವೇಷ ಬೇಕಿದ್ದರೆ ಕ್ಯಾಮೆರಾ ತೆಗೆಯಿರಿ. ಭಾಗವತರ ಪದ ಬೇಕಿದ್ದರೆ ಅದು ಫಿಲಂ ಆದರೂ ಚೀಲದಲ್ಲೇ ಇರಲಿ.