ಅದೇ ಸಿನಿಮಾ ಸಂಗೀತ, ಇನ್ನೊಬ್ಬರು ನುಡಿಸಿದ್ದು: ಅದಕ್ಕೆ ಎಂತಕ್ಕೆ ಇಷ್ಟು ಕಾಯುತ್ತಾರೆ?

ಓದುಗರ ಪ್ರಶ್ನೆ: ಹಾಲಿವುಡ್‌ನ ಹಳೇ ಸಿನಿಮಾಗಳ ಹಿನ್ನೆಲೆ ಸಂಗೀತವನ್ನು ಎಷ್ಟೋ ವರ್ಷ ಕಳೆದ ಮೇಲೆ ಬೇರೆ ಆರ್ಕೆಸ್ಟ್ರಾದವರು ನುಡಿಸಿದ ರೆಕಾರ್ಡುಗಳು ಇವೆಯಲ್ಲ, ಅವು ಮತ್ತೆ ಬರುತ್ತವೆ ಅಂತ ಸುದ್ದಿಯಾದರೆ ಸಾಕು, ನನ್ನ ಅಣ್ಣ ತಿಂಗಳುಗಟ್ಟಲೆ ಅದನ್ನೇ ಜಪಿಸುತ್ತಾನೆ. ಸಿನಿಮಾದ್ದೇ ಸಂಗೀತ ಮೊಬೈಲ್‌ನಲ್ಲಿ ಸಿಗುತ್ತದೆ. ಹಾಗಿರುವಾಗ ನಕಲಿಗೆ ಎಂತಕ್ಕೆ ಕಾಯುವುದು ಮಾರಾಯ್ರೆ? ಅವನಿಗೆ ಒಂದು ಡಿಸ್ಕ್ ಉಡುಗೊರೆ ಕೊಡುವುದಾದರೆ ಯಾವುದು ಕೊಡಲಿ?
– ಕಾರವಾರದಿಂದ ಒಬ್ಬ ಓದುಗರು

ಉತ್ತರ: ನಾನು ನಿಮ್ಮ ಅಣ್ಣನ ಕಡೆಯವನು, ಬೇಜಾರು ಮಾಡಿಕೊಳ್ಳಬೇಡಿ. ಈ ಪ್ರಶ್ನೆ ಕೇಳಿದವರು ನೀವೊಬ್ಬರೇ ಅಲ್ಲ. ಶಿರಸಿಯ ನಮ್ಮ ಮನೆಯಲ್ಲೂ ಪಾರ್ಸೆಲ್ ಬಂದಾಗಲೆಲ್ಲ ಇದೇ ಮಾತು: "ಇದು ನಿಮ್ಮ ಹತ್ರ ಇತ್ತಲ್ಲ?" ಇತ್ತು. ಆದರೆ ಇದಲ್ಲ.

ಮೊಬೈಲ್‌ನಲ್ಲಿ ಸಿಗುವ ಮೂಲ ಎಂಥದ್ದು ಅಂತ ಮೊದಲು ನೋಡೋಣ. 1930 ಮತ್ತು 40ರ ದಶಕದಲ್ಲಿ ಹಾಲಿವುಡ್‌ನಲ್ಲಿ ಸಂಗೀತವನ್ನು ಟೇಪಿನ ಮೇಲೆ ಹಿಡಿಯುತ್ತಿರಲಿಲ್ಲ. ಫಿಲಂ ಪಟ್ಟಿಯ ಮೇಲೆಯೇ ಬೆಳಕಿನಿಂದ ಗೆರೆ ಮೂಡಿಸುತ್ತಿದ್ದರು. ಆ ಗೆರೆಯಲ್ಲಿ ಸಣ್ಣಗೆ ಒಂದು ಸರಸರ ಸದ್ದು ಇದ್ದೇ ಇರುತ್ತಿತ್ತು. ಅದು ಕೇಳಬಾರದು ಅಂತ ಥಿಯೇಟರಿನಲ್ಲಿ ಎತ್ತರದ ಸ್ವರಗಳನ್ನೇ ಕತ್ತರಿಸುತ್ತಿದ್ದರು. ಸುಮಾರು 8,000 ಹರ್ಟ್ಸ್‌ನಿಂದ ಮೇಲೆ ಹೆಚ್ಚೇನೂ ಉಳಿಯುತ್ತಿರಲಿಲ್ಲ. ಉಳಿದದ್ದರ ಮೇಲೆ ಸಂಭಾಷಣೆ, ಕತ್ತಿಯ ಖಣಖಣ, ಕುದುರೆ ಓಟ. ಸಿನಿಮಾ ಓಡಿ ಮುಗಿದ ಮೇಲೆ ಬರೀ ಸಂಗೀತದ ರೀಲುಗಳನ್ನು ಜೋಪಾನ ಮಾಡಬೇಕು ಅಂತ ಆಗ ತೋಚಿದ್ದು ಕಡಿಮೆ ಜನಕ್ಕೆ. ಆ ಕಾಲದ ನೈಟ್ರೇಟ್ ಫಿಲಂ ಬೇರೆ ತಾನಾಗಿಯೇ ಕೊಳೆಯುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಹೀಗಾಗಿ ಮೂಲ ಅಂತ ನಮ್ಮ ಕಿವಿಗೆ ಬೀಳುವುದು ಎಷ್ಟೋ ಸಲ ಅಳಿದುಳಿದದ್ದು ಮಾತ್ರ.

ಒಂದು ಉದಾಹರಣೆ ಹೇಳುತ್ತೇನೆ. 1941ರ 'ಸಿಟಿಜನ್ ಕೇನ್' ಶುರುವಾಗುವುದೇ ಕತ್ತಲಲ್ಲಿ, ಒಂದು ದೊಡ್ಡ ಬಂಗಲೆಯ ಬೇಲಿಯ ಮೇಲೆ. ಅದಕ್ಕೆ ಸಂಗೀತ ಬರೆದ ಬರ್ನಾರ್ಡ್ ಹರ್ಮನ್ ಅಲ್ಲಿ ತಗ್ಗಿನ ಸ್ವರದ ವಾದ್ಯಗಳನ್ನೇ ಗುಡ್ಡೆ ಹಾಕಿದ್ದಾರೆ: ಕೆಳಗಿನ ಕ್ಲಾರಿನೆಟ್‌ಗಳು, ಟ್ರಾಂಬೋನ್, ಟ್ಯೂಬಾ, ನಡುನಡುವೆ ವೈಬ್ರಾಫೋನ್. ಸಿನಿಮಾದಲ್ಲಿ ಇದೆಲ್ಲ ಒಟ್ಟಾಗಿ ಒಂದು ಮಬ್ಬು ಗುಂಯ್‌ಗುಡುವಿಕೆಯಾಗಿ ಬರುತ್ತದೆ. 1974ರಲ್ಲಿ ಲಂಡನ್‌ನಲ್ಲಿ ಕಂಡಕ್ಟರ್ (ಅಂದರೆ ಆರ್ಕೆಸ್ಟ್ರಾ ನಡೆಸುವವರು) ಚಾರ್ಲ್ಸ್ ಗೆರ್ಹಾರ್ಟ್ ಇದನ್ನು ಹೊಸದಾಗಿ ನುಡಿಸಿದ ರೆಕಾರ್ಡ್ ಹಾಕಿ ನೋಡಿ. ಒಂದು ವಾದ್ಯ ಉಸಿರು ಬಿಡುವಾಗ ಇನ್ನೊಂದು ಎಲ್ಲಿ ಸೇರಿಕೊಳ್ಳುತ್ತದೆ ಅನ್ನುವುದು ಬಿಡಿಬಿಡಿಯಾಗಿ ಕೇಳುತ್ತದೆ. ಇದನ್ನು ಹೆಡ್‌ಫೋನ್‌ನಲ್ಲಿ ಕೇಳಬೇಕು. ದೇವಿಮನೆ ಘಟ್ಟ ಇಳಿಯುವಾಗ ಕಾರಿನಲ್ಲಿ ಹಾಕಿದರೆ ಇಂಜಿನ್ನೇ ಎಲ್ಲವನ್ನೂ ನುಂಗುತ್ತದೆ.

ಅದೇ ರೆಕಾರ್ಡಿನಲ್ಲಿ ಇನ್ನೊಂದು ತಮಾಷೆ ಇದೆ. ಸಿನಿಮಾದಲ್ಲಿ ಕೇನ್‌ನ ಎರಡನೇ ಹೆಂಡತಿಗೆ ಹಾಡಲು ಬಾರದು, ಆದರೂ ಅವಳನ್ನು ಒಪೆರಾ (ಸಂಗೀತ ನಾಟಕ) ವೇದಿಕೆಗೆ ಹತ್ತಿಸುತ್ತಾರೆ. ಅದಕ್ಕೆಂದೇ ಹರ್ಮನ್ ಒಂದು ಹಾಡು ಕಟ್ಟಿದರು. ಆ ಹಾಡು ಅವಳ ಗಂಟಲನ್ನು ಮೀರಿದ್ದಿರಬೇಕು, ಕಥೆಯೇ ಹಾಗಿದೆ. ಆದ್ದರಿಂದ ಸಿನಿಮಾದಲ್ಲಿ ನಮಗೆ ಕೇಳಿಸುವುದು ತಿಣುಕಾಡುವ ಧ್ವನಿ. 1974ರಲ್ಲಿ ಅದನ್ನು ಹಾಡಿದವರು ಕಿರಿ ಟೆ ಕನಾವಾ, ಆಗ ಹೆಸರು ಮಾಡುತ್ತಿದ್ದ ನ್ಯೂಜಿಲೆಂಡಿನ ಗಾಯಕಿ. ಅಷ್ಟು ಚಂದದ ಹಾಡು ಅದರೊಳಗೆ ಇತ್ತು ಅನ್ನುವುದು ಸಿನಿಮಾ ಮಾತ್ರ ನೋಡಿದವರಿಗೆ ಗೊತ್ತಾಗುವುದೇ ಇಲ್ಲ. ಹೇಳಿ, ಇದು ನಕಲಾ?

ಈ ರೆಕಾರ್ಡ್ ಸೇರಿರುವ ಗೆರ್ಹಾರ್ಟ್ ಅವರ ಸರಣಿಯೇ ಬಹಳ ಜನರ ಕಾಯುವಿಕೆಗೆ ಮೂಲ. ಮೊದಲ ಎಲ್‌ಪಿ ಬಂದಿದ್ದು 1972ರಲ್ಲಿ, ಆರ್‌ಸಿಎ ಕಂಪನಿಯಿಂದ. ಎರಿಕ್ ವುಲ್ಫ್‌ಗಾಂಗ್ ಕಾರ್ನ್‌ಗೋಲ್ಡ್ 1940ರ 'ದ ಸೀ ಹಾಕ್' ಮುಂತಾದ ಸಿನಿಮಾಗಳಿಗೆ ಬರೆದ ಸಂಗೀತ ಅದರಲ್ಲಿತ್ತು. ನಿರ್ಮಾಪಕ ಯಾರು ಗೊತ್ತಾ? ಅವರ ಮಗ ಜಾರ್ಜ್ ಕಾರ್ನ್‌ಗೋಲ್ಡ್. ಅಪ್ಪ ತೀರಿಕೊಂಡು ಆಗ 15 ವರ್ಷವಾಗಿತ್ತು. ನುಡಿಸಿದ್ದು ನ್ಯಾಷನಲ್ ಫಿಲ್‌ಹಾರ್ಮೋನಿಕ್. ಅದು ಕಛೇರಿ ಕೊಡುತ್ತ ಊರೂರು ಸುತ್ತುವ ತಂಡವಲ್ಲ, ಲಂಡನ್‌ನ ನುರಿತ ವಾದಕರನ್ನು ರೆಕಾರ್ಡಿಂಗ್‌ಗೆ ಅಂತಲೇ ಕೂಡಿಸಿದ ತಂಡ. ಜಾಗ ಕಿಂಗ್ಸ್‌ವೇ ಹಾಲ್, ಧ್ವನಿ ಹಿಡಿದವರು ಡೆಕ್ಕಾ ರೆಕಾರ್ಡ್ ಕಂಪನಿಯ ಕೆನೆತ್ ವಿಲ್ಕಿನ್ಸನ್. ಆ ಹಾಲಿನ ಕೆಳಗೆ ಸುರಂಗದಲ್ಲಿ ರೈಲು ಓಡುತ್ತಿತ್ತು. ಅಲ್ಲಿ ಮಾಡಿದ ರೆಕಾರ್ಡುಗಳ ಮೆಲುವಾದ ಜಾಗಗಳಲ್ಲಿ ಕಿವಿಗೊಟ್ಟರೆ ಆ ಗುಡುಗುಡು ಸಿಕ್ಕರೂ ಸಿಕ್ಕೀತು. ಅಭಿಮಾನಿಗಳು ಅದನ್ನೂ ಪ್ರೀತಿಯಿಂದಲೇ ಹುಡುಕುತ್ತಾರೆ, ಅದು ಬೇರೆ ಮಾತು. ಈಗ ಆ ಕಟ್ಟಡವೂ ಇಲ್ಲ.

ಇನ್ನು ಕೆಲವು ಕಡೆ ಮೂಲ ಇದ್ದರೂ ಅರೆಬರೆ. 1958ರ 'ವರ್ಟಿಗೋ' ಸಂಗೀತವೂ ಹರ್ಮನ್‌ರದ್ದೇ. ಆಗ ಅಮೆರಿಕದಲ್ಲಿ ವಾದಕರ ಮುಷ್ಕರ. ರೆಕಾರ್ಡಿಂಗ್ ಲಂಡನ್‌ಗೆ ಹೋಯಿತು. ಅಲ್ಲಿಯ ವಾದಕರೂ ಅಮೆರಿಕದವರ ಬೆಂಬಲಕ್ಕೆ ನಿಂತರು, ಕೆಲಸ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ವಿಯೆನ್ನಾದಲ್ಲಿ ಮುಗಿಸಿದರು. ಲಂಡನ್ ಭಾಗ ಸ್ಟೀರಿಯೋ (ಎಡ, ಬಲ ಬೇರೆ ಬೇರೆ), ವಿಯೆನ್ನಾ ಭಾಗ ಮೋನೋ (ಎಲ್ಲ ಒಂದೇ ಧಾರೆ). ತಾನೇ ಬರೆದ ಸಂಗೀತವನ್ನು ನುಡಿಸಲು ಹರ್ಮನ್‌ಗೆ ಅವಕಾಶವೂ ಸಿಗಲಿಲ್ಲ, ಕಂಡಕ್ಟರ್ ಮ್ಯೂರ್ ಮ್ಯಾಥೀಸನ್ ನಡೆಸಿಕೊಟ್ಟರು. 1990ರ ದಶಕದಲ್ಲಿ ಕಂಡಕ್ಟರ್ ಜೋಯಲ್ ಮೆಕ್‌ನೀಲಿ ರಾಯಲ್ ಸ್ಕಾಟಿಷ್ ನ್ಯಾಷನಲ್ ಆರ್ಕೆಸ್ಟ್ರಾ ಜೊತೆ ಮತ್ತೆ ನುಡಿಸಿದಾಗಲೇ ಅದು ಒಂದೇ ಆರ್ಕೆಸ್ಟ್ರಾ, ಒಂದೇ ಧ್ವನಿಯಲ್ಲಿ ಸರಾಗವಾಗಿ ಕೇಳಿದ್ದು.

ಸ್ಕಾಟ್ಲೆಂಡ್ ಯಾಕೆ ಅಂತೀರಾ? ಇಲ್ಲಿ ದುಡ್ಡಿನ ಲೆಕ್ಕ ಬರುತ್ತದೆ. ಹಾಲಿವುಡ್‌ನ ಹಳೇ ಮೂಲ ರೆಕಾರ್ಡಿಂಗನ್ನು ಆಲ್ಬಂ ಮಾಡಿ ಮಾರಬೇಕಾದರೆ ಅಂದು ನುಡಿಸಿದ ವಾದಕರಿಗೆ ಅವರ ಸಂಘದ ಒಪ್ಪಂದದ ಪ್ರಕಾರ ಮತ್ತೆ ಹಣ ಕೊಡಬೇಕಿತ್ತು. ಸಣ್ಣ ಕಂಪನಿಗಳಿಗೆ ಅದು ತಡೆಯದ ಭಾರ. ಅದಕ್ಕಿಂತ ಸ್ಕಾಟ್ಲೆಂಡಿನ ಗ್ಲಾಸ್ಗೋ, ಇಲ್ಲವೇ ಪ್ರಾಗ್, ಮಾಸ್ಕೋಗೆ ಹೋಗಿ ಪೂರ್ತಿ ಹೊಸದಾಗಿ ನುಡಿಸುವುದೇ ಅಗ್ಗ ಬೀಳುತ್ತಿತ್ತು.

ನುಡಿಸೋಣ ಅಂದರೆ ಬರೆದಿಟ್ಟ ಕಾಗದವಾದರೂ ಇರಬೇಕಲ್ಲ? ಹಾಲಿವುಡ್‌ನ ಎಂಜಿಎಂ ಸ್ಟುಡಿಯೋ 1960ರ ದಶಕದ ಕೊನೆಗೆ ತನ್ನ ಸಂಗೀತದ ಹಾಳೆಗಳನ್ನು ರಾಶಿಗಟ್ಟಲೆ ಕಸಕ್ಕೆ ಹಾಕಿತು. ಹೌದು, ಕಸಕ್ಕೆ. ಆರ್ಕೆಸ್ಟ್ರಾದ ಪೂರ್ತಿ ಸ್ವರಲಿಪಿ ಹೋಗಿ, ಬಹುಪಾಲು ಉಳಿದದ್ದು ಪಿಯಾನೋಗೆ ಇಳಿಸಿದ ಚುಟುಕು ಪ್ರತಿಗಳು. ಜಾನ್ ವಿಲ್ಸನ್ ಅನ್ನುವ ಬ್ರಿಟಿಷ್ ಕಂಡಕ್ಟರ್ ಎಂಜಿಎಂನ ಹಾಡು-ಕುಣಿತದ ಸಿನಿಮಾಗಳನ್ನು ಮತ್ತೆ ಮತ್ತೆ ಕೇಳಿ, ಯಾವ ವಾದ್ಯ ಏನು ನುಡಿಸುತ್ತಿದೆ ಅಂತ ಕಿವಿಯಿಂದಲೇ ಹಿಡಿದು ಬರೆದುಕೊಂಡರು. 2009ರಲ್ಲಿ ಲಂಡನ್‌ನ ಸಂಗೀತೋತ್ಸವ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ನುಡಿಸಿಯೂ ತೋರಿಸಿದರು. 1951ರ 'ಕ್ವೋ ವಾಡಿಸ್'ಗೆ ಮಿಕ್ಲೋಸ್ ರೋಜಾ ಬರೆದ ಸಂಗೀತವನ್ನೂ ಹೀಗೆಯೇ ಅಳಿದುಳಿದದ್ದರಿಂದ ಕಟ್ಟಿ, ನಿಕ್ ರೇನ್ ಮುಂದಾಳತ್ವದಲ್ಲಿ ಪ್ರಾಗ್‌ನಲ್ಲಿ ನುಡಿಸಿದರು. ಇಂಥ ಕೆಲಸದ ಹಿಂದಿನ ಶ್ರಮ ನೆನೆದರೆ ಡಿಸ್ಕಿನ ಬೆಲೆ ಜಾಸ್ತಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸಿನಿಮಾದಲ್ಲಿ ಇಲ್ಲವೇ ಇಲ್ಲದ ಸಂಗೀತವೂ ಇದೆ. 1968ರ '2001: ಎ ಸ್ಪೇಸ್ ಒಡಿಸ್ಸಿ'ಗೆ ಅಲೆಕ್ಸ್ ನಾರ್ತ್ ಸಂಗೀತ ಬರೆದು ರೆಕಾರ್ಡಿಂಗೂ ಆಗಿತ್ತು. ಸಿನಿಮಾದ ನಿರ್ದೇಶಕ ಕುಬ್ರಿಕ್ ಅದನ್ನು ಪಕ್ಕಕ್ಕಿಟ್ಟು ಹಳೇ ಶಾಸ್ತ್ರೀಯ ಸಂಗೀತವನ್ನೇ ಬಳಸಿದರು. 1993ರಲ್ಲಿ ನಾರ್ತ್‌ರ ಗೆಳೆಯ, ಸ್ವತಃ ದೊಡ್ಡ ಸಂಗೀತ ನಿರ್ದೇಶಕ ಜೆರ್ರಿ ಗೋಲ್ಡ್‌ಸ್ಮಿತ್ ಅದನ್ನು ಹೊಸದಾಗಿ ನುಡಿಸಿದರು. ಆಗ ನಾರ್ತ್ ತೀರಿಕೊಂಡಿದ್ದರು. ಮೂಲ ರೆಕಾರ್ಡಿಂಗ್ ಹೊರಗೆ ಬಂದಿದ್ದು ಅದೂ ಆದಮೇಲೆ, 2007ರಲ್ಲಿ. ಅಂದರೆ 14 ವರ್ಷ ಕೇಳುಗರಿಗೆ ಆಸರೆಯಾದದ್ದು ಮತ್ತೆ ನುಡಿಸಿದ್ದೇ.

"ಎಷ್ಟೇ ಆದರೂ ಮೂಲದ ಹಾಗೆ ಇರೋದಿಲ್ಲ" ಅಂತ ನೀವು ಹೇಳಬಹುದು. ನಿಜ, ಇರುವುದಿಲ್ಲ. ಇರಲೂ ಬೇಕಾಗಿಲ್ಲ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಯಕ್ಷಗಾನದಲ್ಲಿ ಅದೇ ಪ್ರಸಂಗ, ಅದೇ ಪದ್ಯ. ಕಡತೋಕಾ ಮಂಜುನಾಥ ಭಾಗವತರದ್ದು ಕೇಳಿದವರು ನೆಬ್ಬೂರು ನಾರಾಯಣ ಭಾಗವತರದ್ದು ಕೇಳದೆ ಎದ್ದು ಹೋಗುತ್ತಿದ್ದರಾ? ಹರ್ಮನ್ ತಮ್ಮದೇ 'ಸೈಕೋ' ಸಂಗೀತವನ್ನು 1975ರ ಅಕ್ಟೋಬರ್‌ನಲ್ಲಿ ಲಂಡನ್‌ನಲ್ಲಿ ಮತ್ತೆ ನುಡಿಸಿದರು. 1960ರ ಸಿನಿಮಾದಲ್ಲಿ ಓಡುವ ಸಂಗೀತ ಇಲ್ಲಿ ಎಷ್ಟೋ ನಿಧಾನ. ಕೆಲವರಿಗೆ ಅದು ಸಪ್ಪೆ. ನನಗಂತೂ ನಿಧಾನವಾದಷ್ಟೂ ಹೆದರಿಕೆ ಜಾಸ್ತಿ, ಬರೀ ತಂತಿ ವಾದ್ಯಗಳ ಒರಟುತನ ಎದ್ದು ಕೇಳುತ್ತದೆ. ಅದೇ ವರ್ಷದ ಡಿಸೆಂಬರ್ 24ಕ್ಕೆ ಅವರು ತೀರಿಕೊಂಡರು. ಬರೆದವರೇ ಹೀಗೆ ನುಡಿಸಿದ ಮೇಲೆ ಯಾವುದು ಸರಿಯಾದ ಲಯ ಅಂತ ತೀರ್ಮಾನ ಕೊಡುವವರು ಯಾರು?

ಇಷ್ಟು ಗೊತ್ತಾದರೆ ಮರುಬಿಡುಗಡೆಯ ಕಾತರ ಅರ್ಥವಾಗುತ್ತದೆ. ಈ ರೆಕಾರ್ಡುಗಳು ಸುಮ್ನೆ ಅಂಗಡಿಯಲ್ಲಿ ಬಿದ್ದಿರುವುದಿಲ್ಲ. ಒಂದು ಸಲ ಅಚ್ಚಾಗಿ ಮುಗಿದರೆ ಮುಗಿಯಿತು. ಕಂಪನಿಗಳು ಕೈ ಬದಲಾಗುತ್ತವೆ. ಆರ್‌ಸಿಎ ಹೋಗಿ ಬಿಎಂಜಿ, ಅದೂ ಹೋಗಿ ಸೋನಿ. ಹೊಸ ಯಜಮಾನರಿಗೆ ಗೋದಾಮಿನಲ್ಲಿ ಏನಿದೆ ಅಂತ ನೆನಪಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಸಂಗೀತದ ಹಕ್ಕು ಸ್ಟುಡಿಯೋದ್ದು, ರೆಕಾರ್ಡಿಂಗಿನ ಹಕ್ಕು ರೆಕಾರ್ಡ್ ಕಂಪನಿಯದ್ದು. ಇಬ್ಬರ ಲೆಕ್ಕವೂ ಹೊಂದಬೇಕು. ಹಾಲಿವುಡ್ ಸಂಗೀತ ನಿರ್ದೇಶಕ ಎಲ್ಮರ್ ಬರ್ನ್‌ಸ್ಟೀನ್ 1970ರ ದಶಕದಲ್ಲಿ ಚಂದಾದಾರರಿಗೆ ಮಾತ್ರ ಅಂಚೆಯಲ್ಲಿ ಕಳಿಸುತ್ತಿದ್ದ ಸರಣಿಯೊಂದಿತ್ತು. ಅದು ಒಟ್ಟಾಗಿ 12 ಸಿಡಿಗಳ ಪೆಟ್ಟಿಗೆಯಾಗಿ ಬಂದಿದ್ದು 2006ರಲ್ಲಿ. ಅಲ್ಲಿಯ ತನಕ ಹಳೇ ಎಲ್‌ಪಿ ಇದ್ದವರೇ ಪುಣ್ಯವಂತರು.

ಮರುಬಿಡುಗಡೆ ಅಂದ ಮಾತ್ರಕ್ಕೆ ಎಲ್ಲವೂ ಚಿನ್ನ ಅಂತಲ್ಲ. ಗೆರ್ಹಾರ್ಟ್ ಸರಣಿ ಮೊದಲು ಸಿಡಿಗೆ ಬಂದಾಗ ಅದಕ್ಕೆ ಸುತ್ತಲಿಂದ ಧ್ವನಿ ಬರುವಂತೆ ಮಾಡುವ ಡಾಲ್ಬಿ ಸರೌಂಡ್ ಬೆರೆಸಿದ್ದರು. ಕಿಂಗ್ಸ್‌ವೇ ಹಾಲಿನ ಆ ತೆರೆದ ಧ್ವನಿ ಕೆಟ್ಟಿತು ಅಂತ ಹಳೇ ಎಲ್‌ಪಿ ಕೇಳಿದವರು ಇವತ್ತಿಗೂ ಗೊಣಗುತ್ತಾರೆ. ಆದ್ದರಿಂದ ಹೊಸದು ಬರುತ್ತದೆ ಅಂದಾಗ ಅವರು ಮೊದಲು ಕೇಳುವುದು, ಮೊದಲ ಮಾಸ್ಟರ್ ಟೇಪಿನಿಂದ ತೆಗೆದದ್ದಾ, ಅಥವಾ ಹಳೇ ಸಿಡಿಯನ್ನೇ ಮತ್ತೆ ಒತ್ತಿದ್ದಾ ಅಂತ. ಟೇಪುಗಳಿಗೂ ವಯಸ್ಸಾಗುತ್ತದೆ. 1970ರ ದಶಕದ ಕೆಲವು ಟೇಪುಗಳಲ್ಲಿ ಬಳಸಿದ ಅಂಟು ತೇವ ಹೀರಿ ಜಿಗುಟಾಗುತ್ತದೆ. ಅವನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿದ ಮೇಲೆಯೇ ಓಡಿಸಬಹುದು.

ನಮ್ಮ ಕಡೆಯದ್ದೂ ಒಂದು ಆಸೆ ಹೇಳಿಬಿಡುತ್ತೇನೆ. ಹೊನ್ನಾವರದ ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'ಗೆ ಎಲ್. ವೈದ್ಯನಾಥನ್ ಕೊಟ್ಟ ಶೀರ್ಷಿಕೆ ಸಂಗೀತವನ್ನು ಇವತ್ತಿಗೂ ಜನ ಗುನುಗುತ್ತಾರೆ. ಕಂತುಗಳ ಒಳಗಿನ ಸಣ್ಣಪುಟ್ಟ ತುಣುಕುಗಳನ್ನೆಲ್ಲ ಸೇರಿಸಿ, ಒಳ್ಳೆ ಹಾಲಿನಲ್ಲಿ ಕೂತು ಯಾರಾದರೂ ಪೂರ್ತಿಯಾಗಿ ನುಡಿಸಿದರೆ ನಾನೂ ನಿಮ್ಮ ಅಣ್ಣನ ಹಾಗೆ ದಿನ ಎಣಿಸುತ್ತೇನೆ. ಹಳೇ ಕನ್ನಡ ಸಿನಿಮಾಗಳ ಹಾಡು ಎಲ್ಲ ಕಡೆ ಸಿಗುತ್ತವೆ. ಹಿನ್ನೆಲೆ ಸಂಗೀತ ಕೇಳಬೇಕಾದರೆ ಸಂಭಾಷಣೆಯ ಸಂದಿಯಲ್ಲೇ ಹುಡುಕಬೇಕು, ಅಲ್ವಾ?

ಇನ್ನು ಉಡುಗೊರೆ. ಅವನ ಹತ್ತಿರ ಇಲ್ಲದಿದ್ದರೆ ಮೆಕ್‌ನೀಲಿಯವರ 'ವರ್ಟಿಗೋ' ಕೊಡಿ. ಗೆರ್ಹಾರ್ಟ್ ಸರಣಿಯನ್ನು ಸೋನಿ 12 ಸಿಡಿಗಳ ಪೆಟ್ಟಿಗೆಯಾಗಿಯೂ ತಂದಿದೆ. ಕೈಯಲ್ಲಿ ದುಡ್ಡಿದ್ದರೆ ಅದು, ಆದರೆ ಅವನ ಹತ್ತಿರ ಈಗಾಗಲೇ ಇರುವ ಸಾಧ್ಯತೆಯೇ ಹೆಚ್ಚು. ಕಪಾಟು ನೋಡಿ ಆಮೇಲೆ ಹಣ ಕೊಡಿ. ಹೊರದೇಶದಿಂದ ತರಿಸಿದರೆ ಅಂಚೆ ಖರ್ಚು, ಸುಂಕ ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಎಲ್‌ಪಿ ಕೊಳ್ಳುವುದಾದರೆ ಕಾರವಾರದ ಹವೆಗೆ ರಟ್ಟಿನ ಕವರ್ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಜೊತೆಗೇ ತರಿಸಿ, ಡಿಸ್ಕುಗಳನ್ನು ನೆಟ್ಟಗೆ ನಿಲ್ಲಿಸಿ, ಸಮುದ್ರದ ಕಡೆಗಿನ ಗೋಡೆಗೆ ತಾಗಿಸಬೇಡಿ ಅಂತ ಹೇಳಿ. ಸಿಡಿಯಾದರೆ ಅಷ್ಟು ತಲೆಬಿಸಿ ಇಲ್ಲ.