ಪಾಠ ಟಿಪ್ಪಣಿಯಿಂದ ಕಲಿಕಾ ಏಣಿಗೆ

ಮನೆಯ ಮಗು ಸರ್ಕಾರಿ ಕನ್ನಡ ಶಾಲೆಯ ಒಂದನೇ ಕ್ಲಾಸಿನಲ್ಲಿದ್ದರೆ ನೀವೂ ಗಮನಿಸಿರುತ್ತೀರಿ. ಅಕ್ಷರ ಶುರುವಾಗುವುದು ಅ, ಆ, ಇ, ಈ ಇಂದಲ್ಲ. ರ, ಗ, ಸ, ದ, ಅ ಇಂದ. ‘ಇದೇನಪ್ಪಾ, ಅಕ್ಷರಮಾಲೆಯನ್ನೇ ತಲೆಕೆಳಗು ಮಾಡಿದ್ದಾರೆ’ ಎಂದು ಗೊಣಗಿದ ಅಜ್ಜಂದಿರು ಕಡಿಮೆಯೇನಿಲ್ಲ. ಆದರೆ ಈ ಐದೇ ಅಕ್ಷರ ಬಂದರೆ ಸಾಕು, ಮಗು ಸರ, ರಸ, ಅಗಸ, ಅರಸ, ದಸರ ಎಂದು ಓದಿಬಿಡುತ್ತದೆ. ಕಾಗುಣಿತ, ಒತ್ತಕ್ಷರ ಬರುವ ತನಕ ಕಾಯಬೇಕಿಲ್ಲ.

ಈ ಕ್ರಮ ನಲಿ-ಕಲಿಯದ್ದು, ಅಂದರೆ ಮಗು ಕಾರ್ಡು, ಆಟ, ಹಾಡುಗಳಿಂದ ತನ್ನದೇ ವೇಗದಲ್ಲಿ ಕಲಿಯುವ ಪದ್ಧತಿಯದ್ದು. ಅದರ ಹಿಂದೆ ಇನ್ನೊಂದು ಕಥೆಯಿದೆ: ಪಾಠವನ್ನು ಹೇಗೆ ಯೋಜಿಸಬೇಕು ಎಂದು ಮೇಷ್ಟ್ರಿಗೆ ಕಲಿಸುವ ರೀತಿಯೇ ಬದಲಾದ ಕಥೆ.

ಟಿಸಿಹೆಚ್ ಎಂಬ ಶಿಕ್ಷಕ ತರಬೇತಿ ಮಾಡಿದವರಿಗೆಲ್ಲ ಪಾಠ ಟಿಪ್ಪಣಿಯ ನೆನಪಿರುತ್ತದೆ. ಉದ್ದೇಶ, ಪೀಠಿಕೆ, ವಿಷಯ ಮಂಡನೆ, ಮೌಲ್ಯಮಾಪನ, ಮನೆಗೆಲಸ, ಎಲ್ಲಕ್ಕೂ ಗೆರೆ ಹೊಡೆದ ಕಾಲಂ. ಇದರ ಬೇರು 19ನೇ ಶತಮಾನದ ಜರ್ಮನಿಯಲ್ಲಿದೆ. ಹರ್ಬಾರ್ಟ್ ಎಂಬ ತತ್ವಜ್ಞಾನಿಯ ಶಿಷ್ಯರು ಪಾಠಕ್ಕೆ ಐದು ಹಂತ ಕಟ್ಟಿದರು. ಅದು ಇಂಗ್ಲಿಷರ ಮೂಲಕ ನಮ್ಮ ತರಬೇತಿ ಕಾಲೇಜುಗಳಿಗೂ ಬಂತು. ಕೆಟ್ಟ ಪದ್ಧತಿಯೇನಲ್ಲ. ಆದರೆ ಒಂದು ಕೋಣೆಯಲ್ಲಿ ಒಂದೇ ತರಗತಿ ಇರುತ್ತದೆ, ಎಲ್ಲ ಮಕ್ಕಳೂ ಒಂದೇ ಪಾಠದಲ್ಲಿರುತ್ತಾರೆ ಎಂದು ಅದು ಸುಮ್ನೆ ನಂಬಿಕೊಂಡಿತ್ತು. ಒಬ್ಬರೇ ಮೇಷ್ಟ್ರು ನಾಲ್ಕು ತರಗತಿ ನೋಡುವ ಊರಲ್ಲಿ ಆ ಟಿಪ್ಪಣಿ ಯಾರಿಗೆ? ಇನ್‌ಸ್ಪೆಕ್ಟರಿಗೆ, ಅಷ್ಟೇ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಅಂಥದ್ದೇ ತಾಲೂಕು. ಕಾಡಂಚಿನ ಬುಡಕಟ್ಟು ಹಾಡಿಗಳು, ಸಣ್ಣ ಸಣ್ಣ ಶಾಲೆಗಳು. 1995ರಲ್ಲಿ ಯುನಿಸೆಫ್ ನೆರವಿನಿಂದ ಇಲ್ಲಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳಿಂದ ಪಾಠ ನಡೆಯುವುದನ್ನು ನೋಡಿದರು. ವಾಪಸ್ ಬಂದು ಕನ್ನಡದ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಯಾವ ಅಕ್ಷರ ಮೊದಲು, ಕೂಡುವುದು ಎಲ್ಲಿ, ಕಳೆಯುವುದು ಎಲ್ಲಿ, ಹಾಡು ಯಾವಾಗ ಎಂದೆಲ್ಲ ಲೆಕ್ಕ ಹಾಕುವಾಗ ಆದದ್ದೇ ಅವರ ನಿಜವಾದ ತರಬೇತಿ ಎನ್ನಬಹುದು.

ಆ ಲೆಕ್ಕವೆಲ್ಲ ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ, ಅಂದರೆ ಯಾವ ಕಾರ್ಡಿನ ನಂತರ ಯಾವುದು ಎಂದು ತೋರಿಸುವ ಪಟದಲ್ಲಿ, ಕೂತಿದೆ. ಏಣಿಯಲ್ಲಿರುವ ಚಿತ್ರವೇ ಕಾರ್ಡಿನ ಮೇಲೂ ಇರುವುದರಿಂದ ಓದು ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ಹುಡುಕಿ ತರುತ್ತದೆ. ಆಮೇಲೆ ‘ತಟ್ಟೆ’ಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಇಂಥ ಗುಂಪುಗಳು ಐದು: ಮೇಷ್ಟ್ರು ಪೂರ್ತಿ ಜೊತೆಗಿರುವುದು ಒಂದು, ಅರ್ಧಂಬರ್ಧ ಸಹಾಯ ಮಾಡುವುದು ಇನ್ನೊಂದು, ಗೆಳೆಯರು ಹೇಳಿಕೊಡುವುದು ಎರಡು, ತಾನೇ ಕಲಿಯುವುದು ಕೊನೆಯದು. ತಿಂಗಳುಗಟ್ಟಲೆ ಶಾಲೆ ಬಿಟ್ಟ ಮಗು ಬಂದರೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ‘ನಾಳೆ ಏನು ಪಾಠ ಮಾಡಲಿ’ ಎಂಬ ಪ್ರಶ್ನೆ ಹೋಗಿ ‘ನಾಳೆ ನನ್ನ ಹತ್ತಿರ ಯಾರು ಕೂರಬೇಕು’ ಎಂಬುದು ಬಂತು. ಯೋಜನೆಯ ಕೆಲಸ ಕಡಿಮೆಯೇನೂ ಆಗಲಿಲ್ಲ.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆಲ್ಲ ಬಂತು, ಮುಂದೆ ಮೂರನೆಯದಕ್ಕೂ. ತೊಡಕು ಶುರುವಾದದ್ದು ಇಲ್ಲೇ. ಹೆಗ್ಗಡದೇವನಕೋಟೆಯವರು ಕಾರ್ಡು ತಾವೇ ಮಾಡಿದ್ದರು, ಉಳಿದವರಿಗೆ ಅಚ್ಚಾದ ಕಾರ್ಡಿನ ಕಟ್ಟು ಸಿಕ್ಕಿತು. ತರಬೇತಿ ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಇಳಿಯುತ್ತ ಬರುವಷ್ಟರಲ್ಲಿ ‘ಈ ಕಾರ್ಡು ಇಲ್ಲೇ ಯಾಕೆ?’ ಎಂಬುದು ಜಾರಿಹೋಗಿ ‘ಈ ಕಾರ್ಡು ಹೇಗೆ ಬಳಸಬೇಕು?’ ಎಂಬುದಷ್ಟೇ ಉಳಿಯುತ್ತದೆ. ಯಾಕೆಂದು ಗೊತ್ತಿಲ್ಲದ ಮೇಷ್ಟ್ರು ಮಗು ಎಡವಿದರೆ ಅದೇ ಕಾರ್ಡನ್ನು ಮತ್ತೆ ಕೊಡುತ್ತಾರೆ. ಗೊತ್ತಿರುವವರು ಇನ್ನೊಂದು ಆಟ ಹುಟ್ಟಿಸುತ್ತಾರೆ. ಕೊರತೆ ಕಾರ್ಡಿನದ್ದಲ್ಲ, ತರಬೇತಿಯದ್ದು ಎಂದೇ ನನಗನ್ನಿಸುತ್ತದೆ.

ಈಗ ಹೊಸ ಒತ್ತಡ ಬಂದಿದೆ. ಮೂರನೇ ತರಗತಿ ಮುಗಿಸುವಷ್ಟರಲ್ಲಿ ಪ್ರತಿ ಮಗುವಿಗೂ ಓದು, ಲೆಕ್ಕ ಬರಬೇಕು ಎಂದು ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆ 2026-27ರ ಗಡುವು ಹಾಕಿಕೊಂಡಿತು. 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರನ್ನು ಒಂದೇ ಹಂತವಾಗಿ ನೋಡುತ್ತದೆ. ಅಂದರೆ ಏಣಿಯ ಮೊದಲ ಮೆಟ್ಟಿಲು ಇನ್ನು ಅಂಗನವಾಡಿಯಲ್ಲೇ ಶುರು, ಅಲ್ವಾ? ಅಲ್ಲಿನ ಕಾರ್ಯಕರ್ತೆಯರು ಮಾತ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು, ಒಂದನೇ ತರಗತಿಯ ಮೇಷ್ಟ್ರು ಶಿಕ್ಷಣ ಇಲಾಖೆಯವರು. ಇಬ್ಬರನ್ನೂ ಒಂದೇ ತರಬೇತಿಯಲ್ಲಿ ಕೂರಿಸುವ ಕೆಲಸ ಎರಡೂ ಇಲಾಖೆಗಳ ಮುಂದಿದೆ.