ಗುಡ್ಡ ಮುರಿದು ಬಿದ್ದ ಜಾಗದಲ್ಲಿ ಒಂದು ಊರು

ಈ ಊರಿನ ನೆಲಮಾಳಿಗೆಗೆ ಇಳಿದು, ಕಲ್ಲುಗೋಡೆಯ ಬಿರುಕಿನ ಹತ್ತಿರ ಕೈ ಹಿಡಿದರೆ ತಣ್ಣನೆಯ ಗಾಳಿ ತಾಗುತ್ತದೆ. ಹೊರಗೆ ಜುಲೈ ತಿಂಗಳ ಬಿಸಿಲು ಚುರುಗುಟ್ಟುತ್ತಿದ್ದರೂ ಅಷ್ಟೇ, ಜನವರಿಯ ಹಿಮ ಬಿದ್ದಿದ್ದರೂ ಅಷ್ಟೇ. ಒಳಗೆ 8ರಿಂದ 12 ಡಿಗ್ರಿ ಸೆಲ್ಸಿಯಸ್. ಗಾಳಿಯಲ್ಲಿ ತೇವ ಶೇ. 95ರ ಆಸುಪಾಸು. ಯಾವ ಯಂತ್ರದ ಸಹಾಯವೂ ಇಲ್ಲದೆ ಶತಮಾನಗಳಿಂದ ಹೀಗೇ ನಡೆದುಬಂದಿದೆ.

ಊರಿನ ಹೆಸರು ರೋಕ್‌ಫೋರ್ ಸ್ಯುರ್ ಸೂಲ್ಜೋಂ. ಸೂಲ್ಜೋಂ ಅನ್ನೋದು ಕೆಳಗೆ ಹರಿಯುವ ಪುಟ್ಟ ಹೊಳೆ. ದಕ್ಷಿಣ ಫ್ರಾನ್ಸಿನ ಅವೇರೋಂ ಜಿಲ್ಲೆಯಲ್ಲಿ, ಮಿಯೋ ಪಟ್ಟಣದಿಂದ ಅರ್ಧ ಗಂಟೆಯ ದಾರಿ. ಊರಲ್ಲಿರುವುದು ಆರುನೂರಕ್ಕಿಂತ ಕಡಿಮೆ ಜನ. ಆದರೆ ನೀಲಿ ಗೆರೆಗಳ ಚೀಸ್ ತಿನ್ನುವವರಿಗೆಲ್ಲ ಈ ಹೆಸರು ಗೊತ್ತು. ಚೀಸಿನ ಕಥೆ ಸುಮಾರು ಜನ ಹೇಳಿದ್ದಾರೆ. ನನಗೆ ಹೇಳಬೇಕು ಅನ್ನಿಸುವುದು ಊರು ಕೂತ ಆ ಗುಡ್ಡದ ಕಥೆ. ಯಾಕೆಂದರೆ ಉಳಿದದ್ದೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಗುಡ್ಡದ ಹೆಸರು ಕೊಂಬಲು. ಇದು ಲಾರ್ಜಾಕ್ ಎಂಬ ದೊಡ್ಡ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಈ ಇಡೀ ಸೀಮೆ ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು. ಜುರಾಸಿಕ್ ಕಾಲದಲ್ಲಿ, ಅಂದರೆ ಇಂದಿಗೆ 20 ಕೋಟಿಯಿಂದ 14.5 ಕೋಟಿ ವರ್ಷಗಳ ಹಿಂದೆ, ಚಿಪ್ಪುಗಳೂ ಸುಣ್ಣದ ಕೆಸರೂ ಪದರ ಪದರವಾಗಿ ಕೂತು ಸುಣ್ಣಕಲ್ಲಾದವು. ಆ ಸುಣ್ಣಕಲ್ಲಿನ ಕೆಳಗೆ ಮೆತ್ತಗಿನ ಜೇಡಿಮಣ್ಣಿನ ಪದರಗಳಿವೆ. ಮೇಲೆ ಗಟ್ಟಿ, ಕೆಳಗೆ ಮೆತ್ತಗೆ. ಗುಡ್ಡದ ಹಣೆಬರಹ ಅಲ್ಲೇ ಬರೆದಾಗಿತ್ತು.

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರಿಗೆ ಸುಣ್ಣಕಲ್ಲು ನಿಧಾನವಾಗಿ ಕರಗುತ್ತದೆ. ಸಣ್ಣ ಸೀಳು ದೊಡ್ಡದಾಗುತ್ತದೆ, ನೀರು ಇನ್ನೂ ಕೆಳಗೆ ಇಳಿಯುತ್ತದೆ. ಕೊನೆಗೆ ಜೇಡಿಮಣ್ಣಿಗೆ ಬಂದು ನಿಲ್ಲುತ್ತದೆ. ಜೇಡಿ ನೀರನ್ನು ಕೆಳಗೆ ಬಿಡುವುದಿಲ್ಲ, ತಾನು ನೆನೆದು ಜಾರಲು ಶುರುಮಾಡುತ್ತದೆ. ಹೀಗೆ ಕೊಂಬಲು ಗುಡ್ಡದ ಉತ್ತರದ ಮಗ್ಗುಲು, ಚರಿತ್ರೆ ಬರೆಯುವವರು ಯಾರೂ ಇಲ್ಲದ ಕಾಲದಲ್ಲಿ, ಜಾರಿ ಮುರಿದು ಬಿತ್ತು. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ಸುಮಾರು 2 ಕಿಲೋಮೀಟರ್ ಉದ್ದ, 300 ಮೀಟರ್ ಅಗಲದ ಕಲ್ಲುರಾಶಿ ಆಯಿತು. ಊರು ಕೂತಿರುವುದು ಆ ರಾಶಿಯ ಮೇಲೆ.

ಬಂಡೆಗಳ ನಡುವೆ ಸಂದುಗಳು ಉಳಿದವು. ಗುಡ್ಡದ ಒಳಗೂ ಉದ್ದುದ್ದ ಸೀಳುಗಳಿದ್ದವು. ಊರವರು ಈ ಸೀಳುಗಳಿಗೆ ಫ್ಲೂರಿನ್ ಅನ್ನುತ್ತಾರೆ. ಅಲ್ಲಿನ ಹಳೆಯ ಆಕ್ಸಿಟನ್ ಭಾಷೆಯಲ್ಲಿ ‘ಊದು’ ಅನ್ನುವುದಕ್ಕಿದ್ದ ಮಾತಿನಿಂದ ಬಂದ ಹೆಸರು ಅದು. ನಿಜಕ್ಕೂ ಗುಡ್ಡ ಊದುತ್ತದೆ.

ಅದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ನೆಲದ ಆಳದ ಬಂಡೆ ಬೇಸಿಗೆಗೆ ಕಾಯುವುದಿಲ್ಲ, ಚಳಿಗಾಲಕ್ಕೆ ಆರುವುದಿಲ್ಲ. ವರ್ಷದ ಸರಾಸರಿ ಬಿಸಿ ಎಷ್ಟೋ ಅಷ್ಟರಲ್ಲೇ ನಿಂತಿರುತ್ತದೆ. ಬೇಸಿಗೆಯಲ್ಲಿ ಸೀಳಿನ ಒಳಗಿನ ಗಾಳಿ ಹೊರಗಿನದಕ್ಕಿಂತ ತಣ್ಣಗಿರುತ್ತದೆ. ತಣ್ಣನೆ ಗಾಳಿಗೆ ತೂಕ ಜಾಸ್ತಿ. ಹಾಗಾಗಿ ಅದು ಕೆಳಗಿನ ಬಾಯಿಂದ ಹೊರಬೀಳುತ್ತದೆ, ಆ ಜಾಗ ತುಂಬಲು ಮೇಲಿನ ಬಾಯಿಂದ ಹೊಸ ಗಾಳಿ ಒಳಬರುತ್ತದೆ. ಚಳಿಗಾಲದಲ್ಲಿ ಇದು ತಿರುಗಿಕೊಳ್ಳುತ್ತದೆ. ಆಗ ಒಳಗಿನ ಗಾಳಿಯೇ ಬೆಚ್ಚಗೆ, ಹಗುರ. ಅದು ಮೇಲಕ್ಕೆ ಏರುತ್ತದೆ, ಕೆಳಗಿನಿಂದ ಚಳಿಗಾಳಿ ನುಗ್ಗುತ್ತದೆ. ಅಡುಗೆಮನೆಯ ಹೊಗೆಗೂಡು ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ದಾರಿಯುದ್ದಕ್ಕೂ ಒದ್ದೆ ಕಲ್ಲನ್ನು ಸವರಿಕೊಂಡು ಬರುವುದರಿಂದ ಗಾಳಿ ತೇವ ತುಂಬಿಕೊಳ್ಳುತ್ತದೆ. ಊರು ಗುಡ್ಡದ ಉತ್ತರಕ್ಕೆ ಇರುವುದೂ ಒಳ್ಳೆಯದೇ ಆಯಿತು, ಬಿಸಿಲು ನೇರವಾಗಿ ಬೀಳುವುದಿಲ್ಲ. ಜನ ಮಾಡಿದ್ದು ಇಷ್ಟೇ: ಸೀಳು ಸಿಕ್ಕ ಕಡೆ ಹಲವು ಅಂತಸ್ತಿನ ನೆಲಮಾಳಿಗೆ ಕಟ್ಟಿದರು, ಸೀಳಿನ ಬಾಯಿಗೆ ಬಾಗಿಲು ಇಟ್ಟರು. ಗಾಳಿ ಜಾಸ್ತಿಯಾದರೆ ಮುಚ್ಚು, ಸಾಲದಿದ್ದರೆ ತೆಗೆ.

ಇನ್ನು ಗುಡ್ಡದ ಮೇಲಿನ ಲೋಕ. ಲಾರ್ಜಾಕ್‌ನಲ್ಲಿ ಮಳೆ ಬೀಳುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಸುಣ್ಣಕಲ್ಲಿನ ಸಂದುಗಳಲ್ಲಿ ಇಳಿದು ಮಾಯವಾಗುತ್ತದೆ. ಹೊಳೆ ಇಲ್ಲ, ಮಣ್ಣು ತೆಳು, ಗಾಳಿ ಬಿರುಸು. ಇಂಥ ನೆಲದಲ್ಲಿ ಗೋಧಿಗಿಂತ ಹುಲ್ಲು ವಾಸಿ, ಹಸುವಿಗಿಂತ ಕುರಿ ವಾಸಿ. ಕುರಿಗಾದರೂ ನೀರು ಬೇಕಲ್ಲ? ಅದಕ್ಕೆ ಅಲ್ಲಿಯವರು ತಗ್ಗು ನೋಡಿ ತಳಕ್ಕೆ ಜೇಡಿಮಣ್ಣು ಮೆತ್ತಿ, ಮೇಲೆ ಕಲ್ಲು ಹಾಸಿ, ತಟ್ಟೆಯಾಕಾರದ ಕೊಳ ಮಾಡಿದರು. ಅದರ ಹೆಸರು ಲಾವೋನ್ಯ. ಸುತ್ತಲಿಂದ ಇಳಿಜಾರಾಗಿ ಇರುವುದರಿಂದ ಮಂದೆ ಎಲ್ಲ ಕಡೆಯಿಂದಲೂ ಇಳಿದು ನೀರು ಕುಡಿಯಬಹುದು. ಗುಡ್ಡವನ್ನು ಬೀಳಿಸಿದ ಜೇಡಿಮಣ್ಣೇ ಇಲ್ಲಿ ನೀರನ್ನು ಹಿಡಿದು ನಿಲ್ಲಿಸುತ್ತದೆ. ಈ ಕುರಿಗಾಹಿ ನಾಡನ್ನು ಯುನೆಸ್ಕೋ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕುರಿಯ ತಳಿ ಲಾಕೋನ್. ಅದರ ಹಾಲಿನಲ್ಲಿ ಕೊಬ್ಬು ಶೇ. 7ರ ಹತ್ತಿರ. ಹಸುವಿನ ಹಾಲಿನಲ್ಲಿ ಇರುವುದು ಸುಮಾರು ಶೇ. 4. ಹಸುವಿನ ಬೆಣ್ಣೆಗೆ ಹಳದಿ ಛಾಯೆ ಕೊಡುವ ಕ್ಯಾರೋಟಿನ್ ಕುರಿಯ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕುರಿಯ ಮೈ ಅದನ್ನು ಎ ವಿಟಮಿನ್ ಆಗಿ ಮಾರ್ಪಡಿಸಿಬಿಡುತ್ತದೆ. ಅದಕ್ಕೇ ರೋಕ್‌ಫೋರ್ ಚೀಸ್ ದಂತದ ಹಾಗೆ ಬಿಳಿ.

ಈ ಹಾಲನ್ನು ಕಾಯಿಸುವುದಿಲ್ಲ. ಹಸಿ ಹಾಲಿಗೇ ಹೆಪ್ಪು ಹಾಕಿ, ಗಡ್ಡೆಯನ್ನು ಕತ್ತರಿಸಿ, ನೀರು ಬಸಿದು, ಎರಡೂವರೆ ಮೂರು ಕಿಲೋದ ದಪ್ಪ ದುಂಡು ಬಿಲ್ಲೆಯ ಹಾಗೆ ಅಚ್ಚು ಮಾಡುತ್ತಾರೆ. ಮೇಲೆ ಹರಳುಪ್ಪು ಸವರುತ್ತಾರೆ. ಒಳಗೆ ಸೇರಿಸುವ ಬೂಷ್ಟಿನ ಹೆಸರು ಪೆನಿಸಿಲಿಯಂ ರೋಕ್‌ಫೋರ್ಟಿ. 1906ರಲ್ಲಿ ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಥಾಮ್ ಈ ಊರಿನ ಹೆಸರನ್ನೇ ಅದಕ್ಕೆ ಇಟ್ಟ. ಪೆನ್ಸಿಲಿನ್ ಔಷಧ ಕೊಡುವುದು ಇದರ ಬಂಧು, ಇದಲ್ಲ. ಹಾಗೆಯೇ ಮನೆಯಲ್ಲಿ ಬ್ರೆಡ್ಡಿಗೆ ಬರುವ ಬೂಷ್ಟು ಬೇರೆ ಬೇರೆ ಜಾತಿಯದು, ಅದರಲ್ಲಿ ವಿಷ ಇರಬಹುದು. ಅದನ್ನು ತಿನ್ನಬೇಡಿ.

ಹಿಂದಿನವರು ಈ ಬೂಷ್ಟನ್ನು ಬೆಳೆಸುತ್ತಿದ್ದದ್ದೂ ಬ್ರೆಡ್ಡಿನಲ್ಲೇ. ರೈ ಎಂಬ ಧಾನ್ಯದ ದೊಡ್ಡ ದೊಡ್ಡ ಬ್ರೆಡ್ಡುಗಳನ್ನು ಹೊರಗಡೆ ಕರಿಕಾಗುವಷ್ಟು ಸುಟ್ಟು ನೆಲಮಾಳಿಗೆಯಲ್ಲಿ ಇಟ್ಟುಬಿಡುತ್ತಿದ್ದರು. ಒಂದೆರಡು ತಿಂಗಳಲ್ಲಿ ಒಳಗೆಲ್ಲ ನೀಲಿಹಸಿರು. ಒಣಗಿಸಿ ಪುಡಿ ಮಾಡಿದರೆ ಮುಂದಿನ ಚೀಸಿಗೆ ಬೀಜ ತಯಾರು. ಈಗ ಹೆಚ್ಚಿನವರು ಪ್ರಯೋಗಾಲಯದಲ್ಲಿ ಬೆಳೆಸಿದ ತಳಿ ಬಳಸುತ್ತಾರೆ, ಆದರೆ ಆ ತಳಿಗಳು ಬಂದದ್ದು ಈ ಗುಹೆಗಳಿಂದಲೇ.

ಆಮೇಲೆ ಬರುವುದು ನನಗೆ ತುಂಬ ಇಷ್ಟವಾದ ಕೆಲಸ. ಅಚ್ಚಿಗೆ ಹತ್ತಾರು ಉದ್ದ ಸೂಜಿಗಳಿಂದ ಚುಚ್ಚುತ್ತಾರೆ. ಬೂಷ್ಟಿಗೆ ಉಸಿರಾಡಲು ಆಮ್ಲಜನಕ ಬೇಕು. ಚುಚ್ಚಿದ ತೂತಿನಿಂದ ಒಳಗೆ ಕೂತ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಗುಹೆಯ ಗಾಳಿ ಒಳಹೋಗುತ್ತದೆ. ಗುಡ್ಡದ ಸೀಳು ಮತ್ತು ಚೀಸಿನ ತೂತು, ಎರಡರ ಕೆಲಸವೂ ಒಂದೇ ಅಲ್ವಾ! ಚಳಿ, ಉಪ್ಪು, ಕಡಿಮೆ ಆಮ್ಲಜನಕ ಇರುವ ಕಡೆ ಉಳಿದ ಬೂಷ್ಟುಗಳು ಸೊರಗುತ್ತವೆ. ಇದು ಮಾತ್ರ ಸಲೀಸಾಗಿ ಹಬ್ಬುತ್ತದೆ. ಹಬ್ಬುತ್ತಾ ಕೊಬ್ಬನ್ನು ಒಡೆದು ಕೊಬ್ಬಿನಾಮ್ಲ ಮಾಡುತ್ತದೆ, ಅದರಿಂದ ಮೀಥೈಲ್ ಕೀಟೋನ್ ಎಂಬ ವಸ್ತುಗಳನ್ನು ಮಾಡುತ್ತದೆ. ಮೂಗಿಗೆ ಬಡಿಯುವ ಆ ಖಾರದ ವಾಸನೆ ಇವುಗಳದ್ದು. ನೀಲಿ ಬಣ್ಣ ಬೂಷ್ಟಿನ ಬೀಜಕಗಳದ್ದು.

ಚುಚ್ಚಿದ ಮೇಲೆ ಕನಿಷ್ಠ 14 ದಿನ ಈ ಗುಹೆಗಳಲ್ಲಿ, ಓಕ್ ಮರದ ಹಲಗೆಗಳ ಮೇಲೆ, ಇರಲೇಬೇಕು. ನಂತರ ಲೋಹದ ಹಾಳೆ ಸುತ್ತಿ ಗಾಳಿ ತಪ್ಪಿಸಿ, ಹೆಚ್ಚಿನ ಚಳಿಯಲ್ಲಿ ನಿಧಾನವಾಗಿ ಹಣ್ಣಾಗಿಸುತ್ತಾರೆ. ಒಟ್ಟು ಕನಿಷ್ಠ 90 ದಿನ. ಅಚ್ಚುಗಳನ್ನು ತಿರುವಿ ಹಾಕುವುದು, ಉಪ್ಪು ಹಚ್ಚುವುದು, ಮೇಲಿನ ಪದರ ಕೆರೆಯುವುದು, ಇದೆಲ್ಲ ತುಂಬ ಕಾಲ ಹೆಂಗಸರ ಕೆಲಸವಾಗಿತ್ತು. ಅವರಿಗೆ ಕಬಾನಿಯೇರ್ ಅಂತ ಹೆಸರು. ಆ ಚಳಿ, ಆ ತೇವದಲ್ಲಿ ದಿನವಿಡೀ ನಿಂತ ಅವರ ಕೈಗಳಿಲ್ಲದೆ ಈ ಊರಿಗೆ ಇಷ್ಟು ಹೆಸರು ಬರುತ್ತಿರಲಿಲ್ಲ.

ಚೀಸನ್ನು ಕಂಡುಹಿಡಿದದ್ದು ಯಾರು? ಊರಲ್ಲಿ ಹೇಳುವ ಕಥೆಯಲ್ಲಿ, ಕುರಿ ಕಾಯುವ ಹುಡುಗನೊಬ್ಬ ಬುತ್ತಿಯ ಬ್ರೆಡ್ಡು, ಚೀಸನ್ನು ಗುಹೆಯಲ್ಲಿ ಬಿಟ್ಟು ಹುಡುಗಿಯ ಹಿಂದೆ ಹೋದ. ಎಷ್ಟೋ ದಿನ ಬಿಟ್ಟು ಬಂದರೆ ಚೀಸು ನೀಲಿಯಾಗಿತ್ತು, ಹಸಿವಿಗೆ ತಿಂದುಬಿಟ್ಟ. ಕಥೆ ಚೆನ್ನಾಗಿದೆ. ಆದರೆ ಈ ಬೂಷ್ಟಿನ ಸ್ನೇಹ ಇನ್ನೂ ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಉಪ್ಪಿನ ಗಣಿಯಲ್ಲಿ ಸುಮಾರು 2,700 ವರ್ಷ ಹಿಂದಿನ ಗಣಿ ಕೆಲಸಗಾರರ ಮಲ ಉಪ್ಪಿನಲ್ಲಿ ಕೆಡದೆ ಉಳಿದಿತ್ತು. 2021ರಲ್ಲಿ ಪ್ರಕಟವಾದ ಅಧ್ಯಯನ ಅದರಲ್ಲಿ ಇದೇ ಪೆನಿಸಿಲಿಯಂ ರೋಕ್‌ಫೋರ್ಟಿಯನ್ನು ಗುರುತಿಸಿತು. ನೀಲಿ ಚೀಸನ್ನು ಅವರೂ ತಿಂದಿದ್ದರು ಅನ್ನಬಹುದು.

ಜೀನ್‌ಗಳ ಅಧ್ಯಯನ ಇನ್ನೊಂದು ವಿಷಯ ಹೇಳಿತು. ಚೀಸಿನಲ್ಲಿ ಬಳಸುವ ಈ ಬೂಷ್ಟಿನಲ್ಲಿ ಎರಡು ದೊಡ್ಡ ಬಳಗಗಳಿವೆ. ಒಂದು ರೋಕ್‌ಫೋರ್ ಊರಿನದು, ಇನ್ನೊಂದು ಉಳಿದ ಕಡೆಯ ನೀಲಿ ಚೀಸುಗಳದು. ಎರಡನೆಯದು ಚೀಸಿನಲ್ಲಿ ಬೇಗ ಬೆಳೆಯುತ್ತದೆ, ಆದರೆ ಅದರ ತಳಿಗಳೆಲ್ಲ ಒಂದರ ನಕಲು ಇನ್ನೊಂದು ಅನ್ನುವ ಹಾಗಿವೆ. ರೋಕ್‌ಫೋರ್ ಬಳಗದಲ್ಲಿ ವೈವಿಧ್ಯ ಜಾಸ್ತಿ ಉಳಿದಿದೆ. ಮನೆಮನೆಯಲ್ಲೂ ಬ್ರೆಡ್ಡಿನಲ್ಲಿ ತಮ್ಮದೇ ಬೂಷ್ಟು ಬೆಳೆಸಿಕೊಂಡು ಬಂದದ್ದು, ಹೊರಗಿನ ತಳಿ ಸೇರಿಸದೇ ಇದ್ದದ್ದು ಇದಕ್ಕೆ ಕಾರಣವಿರಬೇಕು. ಬೀಜದ ವೈವಿಧ್ಯ ಉಳಿಸಿಕೊಳ್ಳಬೇಕು ಅಂತ ನಮ್ಮ ರೈತರು ಹೇಳುವ ಮಾತು ಬೂಷ್ಟಿಗೂ ಸಲ್ಲುತ್ತದೆ.

ಊರಿನ ಹಕ್ಕಿನ ಚರಿತ್ರೆ ದಾಖಲೆಗಳಲ್ಲಿದೆ. ಬರೀ ಕಲ್ಲುರಾಶಿಯ ಮೇಲಿರುವ ಜನ ಬೆಳೆ ಎಲ್ಲಿ ಬೆಳೆಯಬೇಕು? 1411ರಲ್ಲಿ ದೊರೆ ಆರನೇ ಚಾರ್ಲ್ಸ್, ಈ ಚೀಸನ್ನು ಹಣ್ಣಾಗಿಸುವ ಹಕ್ಕು ಈ ಊರವರಿಗೆ ಮಾತ್ರ ಅಂತ ಪತ್ರ ಕೊಟ್ಟ. ಬೇರೆ ಚೀಸಿಗೆ ಇದೇ ಹೆಸರಿಟ್ಟು ಮಾರುವವರಿಗೆ ದಂಡ ಅಂತ 1666ರಲ್ಲಿ ತುಲೂಸ್‌ನ ನ್ಯಾಯಸಭೆ ಹೇಳಿತು. 1925ರಲ್ಲಿ ಕಾನೂನೇ ಬಂತು. ಹುಟ್ಟಿದ ಜಾಗದ ಹೆಸರಿಗೆ ಫ್ರಾನ್ಸಿನಲ್ಲಿ ಇಂಥ ರಕ್ಷಣೆ ಸಿಕ್ಕ ಮೊದಲ ಚೀಸ್ ಇದು. ಮೈಸೂರು ಮಲ್ಲಿಗೆಗೆ, ಕೊಡಗಿನ ಕಿತ್ತಳೆಗೆ ಈಗ ಸಿಕ್ಕಿರುವ ಭೌಗೋಳಿಕ ಗುರುತು ಇದೇ ಬಗೆಯದ್ದು. 1961ರಲ್ಲಿ ಮಿಯೋದ ಕೋರ್ಟು ಇನ್ನೂ ಖಚಿತ ಮಾಡಿತು: ಇದೇ ವಿಧಾನದಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಎಲ್ಲಿ ಬೇಕಾದರೂ ಚೀಸ್ ಮಾಡಲಿ, ಕೊಂಬಲು ಗುಡ್ಡದ ಸಹಜ ಗುಹೆಗಳಲ್ಲಿ ಹಣ್ಣಾಗದಿದ್ದರೆ ಅದು ರೋಕ್‌ಫೋರ್ ಅಲ್ಲ. ಒಂದು ಭೂಕುಸಿತದ ಗಡಿ ಕಾನೂನಿನ ಗಡಿಯಾದದ್ದು ನನಗೆ ಇವತ್ತಿಗೂ ಬೆರಗು.

ಚೀಸಿನ ನೆರಳು ದೂರದವರೆಗೂ ಬಿತ್ತು. ತಾಯಿಯ ಹಾಲು ಚೀಸಿಗೆ ಬೇಕಾದ್ದರಿಂದ ಮರಿಗಳನ್ನು ಎಳೆಯದರಲ್ಲೇ ಕಡಿಯುತ್ತಿದ್ದರು. ಆ ನುಣುಪು ಚರ್ಮದಿಂದ ಮಿಯೋ ಪಟ್ಟಣ ಕೈಗವಸುಗಳಿಗೆ ಹೆಸರಾಯಿತು.

ಈ ಹುಲ್ಲುಗಾವಲು ಒಮ್ಮೆ ಕೈತಪ್ಪಿ ಹೋಗುವುದರಲ್ಲಿತ್ತು. 1971ರಲ್ಲಿ ರಕ್ಷಣಾ ಮಂತ್ರಿ ಮಿಶೆಲ್ ದೆಬ್ರೆ, ಲಾರ್ಜಾಕ್‌ನ ಸೇನಾ ಶಿಬಿರವನ್ನು ಸುಮಾರು 3,000 ಹೆಕ್ಟೇರಿನಿಂದ 17,000 ಹೆಕ್ಟೇರಿಗೆ ಹಿಗ್ಗಿಸುವುದಾಗಿ ಹೇಳಿದರು. ಮರುವರ್ಷ ಲಾಂಜಾ ದೆಲ್ ವಾಸ್ತೊ ಎಂಬ ಹಿರಿಯರು ಅಲ್ಲಿನ ಲಾ ಕವಲ್ರಿ ಊರಿಗೆ ಬಂದು ಉಪವಾಸ ಕೂತರು. ಇವರು 1930ರ ದಶಕದಲ್ಲಿ ವಾರ್ಧಾದಲ್ಲಿ ಗಾಂಧೀಜಿಯ ಜೊತೆ ಇದ್ದವರು. ‘ಶಾಂತಿದಾಸ’ ಅಂತ ಹೆಸರಿಟ್ಟದ್ದೂ ಗಾಂಧೀಜಿಯೇ. ಅದೇ ದಿನಗಳಲ್ಲಿ 103 ರೈತರು ನೆಲ ಮಾರುವುದಿಲ್ಲ ಅಂತ ಆಣೆ ಮಾಡಿದರು. ಕೈ ಎತ್ತದೆ ಹೋರಾಡಿದರು. 1972ರ ಅಕ್ಟೋಬರಿನಲ್ಲಿ 60 ಕುರಿಗಳನ್ನು ಪ್ಯಾರಿಸಿಗೆ ಒಯ್ದು ಐಫೆಲ್ ಗೋಪುರದ ಬುಡದಲ್ಲಿ ಮೇಯಲು ಬಿಟ್ಟರು. ಲಾ ಬ್ಲಾಕಿಯೇರ್ ಎಂಬ ಕಡೆ, ಅನುಮತಿ ಸಿಗದ ನೆಲದಲ್ಲೇ ಊರೂರಿನ ಜನ ಸೇರಿ ಕಲ್ಲಿನ ಕುರಿದೊಡ್ಡಿ ಕಟ್ಟಿದರು. 1981ರಲ್ಲಿ ಅಧ್ಯಕ್ಷರಾದ ಮಿತ್ತೆರಾಂ ಯೋಜನೆಯನ್ನೇ ಕೈಬಿಟ್ಟರು.

ಆ ಹೋರಾಟಕ್ಕೆಂದು ಬಂದು ಅಲ್ಲೇ ಕುರಿ ಸಾಕಿಕೊಂಡು ನಿಂತವರಲ್ಲಿ ಜೋಸೆ ಬೋವೆ ಒಬ್ಬರು. ಇವರ ಕಥೆಯಲ್ಲಿ ನಮ್ಮವರೂ ಬರುತ್ತಾರೆ. 1999ರ ಬೇಸಿಗೆಯಲ್ಲಿ ಭಾರತದ ನೂರಾರು ರೈತರು ಯುರೋಪಿನ ಊರೂರು ಸುತ್ತಿದರು. ಅದನ್ನು ಕಟ್ಟಿದವರಲ್ಲಿ ಮುಂದಿದ್ದದ್ದು ಎಂ.ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘ. ಜೂನ್ ತಿಂಗಳಲ್ಲಿ ಮೊಂಪೆಲಿಯೆ ನಗರದ ಸಂಶೋಧನಾ ಕೇಂದ್ರವೊಂದರಲ್ಲಿ ಕುಲಾಂತರಿ ಭತ್ತದ ಸಸಿಗಳನ್ನು ಕಿತ್ತಾಗ ಬೋವೆಯವರ ಜೊತೆ ಭಾರತದ ರೈತರೂ ಇದ್ದರು. ಮುಂದಿನ ತಿಂಗಳು, ಹಾರ್ಮೋನು ಕೊಟ್ಟು ಬೆಳೆಸಿದ ದನದ ಮಾಂಸವನ್ನು ಯುರೋಪ್ ಕೊಳ್ಳುವುದಿಲ್ಲ ಅಂದದ್ದಕ್ಕೆ ಪ್ರತಿಯಾಗಿ ಅಮೆರಿಕ ರೋಕ್‌ಫೋರ್ ಮೇಲೆ ಶೇ. 100 ಸುಂಕ ಹಾಕಿತು. ಆಗಸ್ಟ್ 12ರಂದು ಬೋವೆ ಮತ್ತು ಸಂಗಡಿಗರು ಮಿಯೋದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಬಿಚ್ಚಿಹಾಕಿದರು. ಬೋವೆ ಜೈಲಿಗೂ ಹೋದರು. ಆ ಚೀಸಿಗೆ ಹಾಲು ಹಾಕುತ್ತಿದ್ದ ರೈತ ಅವರು.

ಸೇನೆಗೆಂದು ಸರ್ಕಾರ ಕೊಂಡಿದ್ದ ಸುಮಾರು 6,300 ಹೆಕ್ಟೇರ್ ನೆಲವನ್ನು 1985ರಿಂದ ಲಾರ್ಜಾಕ್‌ನ ರೈತರೇ ಒಂದು ಸಂಘ ಮಾಡಿಕೊಂಡು ನೋಡಿಕೊಳ್ಳುತ್ತಿದ್ದಾರೆ. ಅಲ್ಲಿ ಹೊಲ ಯಾರ ಸ್ವಂತದ್ದೂ ಅಲ್ಲ. ದುಡಿಯುವಷ್ಟು ಕಾಲ ಗೇಣಿಗೆ ಸಿಗುತ್ತದೆ, ಕೆಲಸ ಬಿಟ್ಟಾಗ ಇನ್ನೊಬ್ಬ ಎಳೆಯ ರೈತನಿಗೆ ಹೋಗುತ್ತದೆ. ಆ ಹುಲ್ಲು ಮೇಯ್ದ ಕುರಿಗಳ ಹಾಲು ಇವತ್ತಿಗೂ ಕೊಂಬಲು ಗುಡ್ಡದ ಕಡೆ ಇಳಿಯುತ್ತದೆ.